ಎಂಟು ದಿನವಾಯಿತು, ಉತ್ತರವಿಲ್ಲ: ಮುಕ್ತ ತಂತ್ರಾಂಶಕ್ಕೆ ಕೈಹಚ್ಚುವವರಿಗೊಂದು ಮಾರ್ಗದರ್ಶಿ

"ಪುಲ್ ರಿಕ್ವೆಸ್ಟ್ ಕಳಿಸಿ ಎಂಟು ದಿನವಾಯಿತು, ಯಾರೂ ನೋಡಿಲ್ಲ. ಏನು ಮಾಡಬೇಕು?" ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆ ವರ್ಷದಿಂದ ವರ್ಷಕ್ಕೆ ಬದಲಾಗಿಲ್ಲ. ಕಾಲೇಜು ಬದಲಾಗುತ್ತದೆ, ಯೋಜನೆಯ ಹೆಸರು ಬದಲಾಗುತ್ತದೆ, ಎಂಟು ದಿನ ಮಾತ್ರ ಹಾಗೆಯೇ ಉಳಿದಿದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಪುಲ್ ರಿಕ್ವೆಸ್ಟ್ ಎಂದರೆ ಬೇರೆಯವರ ತಂತ್ರಾಂಶದಲ್ಲಿ ನೀವು ಮಾಡಿದ ತಿದ್ದುಪಡಿಯನ್ನು "ನಿಮ್ಮದರಲ್ಲಿ ಸೇರಿಸಿಕೊಳ್ಳಿ" ಎಂದು ಸಲ್ಲಿಸುವ ಕೋರಿಕೆ. ಅದಕ್ಕೆ ಉತ್ತರ ಏಕೆ ಬರುವುದಿಲ್ಲ? ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶದ ಲೋಕದಲ್ಲಿ ಕೋಡ್ ಬರೆಯುವವರಿಗೆ ಬರವಿಲ್ಲ, ಬರೆದದ್ದನ್ನು ಕುಳಿತು ಓದುವವರಿಗೆ ಬರ. ನಮ್ಮ ಕಾಲೇಜುಗಳಲ್ಲಿ ಇದು ತಿಳಿಯುವ ಸಂದರ್ಭವೇ ಒದಗುವುದಿಲ್ಲ. ಅಂತಿಮ ವರ್ಷದ ಪ್ರಾಜೆಕ್ಟ್ ವರದಿಯ ಮೇಲೆ ನಾಲ್ವರ ಹೆಸರಿರುತ್ತದೆ, ಕೋಡ್ ಒಬ್ಬರದು, ಅದು ಪೆನ್ ಡ್ರೈವ್‌ನಲ್ಲಿ "ಫೈನಲ್", "ಫೈನಲ್ 2", "ಫೈನಲ್ ನಿಜವಾದದ್ದು" ಎಂಬ ಮೂರು ಫೋಲ್ಡರ್‌ಗಳಲ್ಲಿ ಓಡಾಡುತ್ತದೆ. ಉಳಿದ ಮೂವರು ಬೈಂಡಿಂಗ್ ಮಾಡಿಸಲು ಹೋಗುತ್ತಾರೆ. ಒಬ್ಬರ ಕೆಲಸವನ್ನು ಇನ್ನೊಬ್ಬರು ಓದಿ, ತಿದ್ದಿ, ಒಪ್ಪಿ ಮುಂದಕ್ಕೆ ಸಾಗಿಸುವ ಅಭ್ಯಾಸ ಆಗುವುದೇ ಇಲ್ಲ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಒಂದು ಲ್ಯಾಪ್‌ಟಾಪ್, ಅದರಲ್ಲಿ ಗಿಟ್, ಅಂದರೆ ಕಡತಗಳ ಪ್ರತಿ ಬದಲಾವಣೆಯ ಇತಿಹಾಸವನ್ನೂ ಕಾಪಾಡುವ ಸಾಧನ. ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್‌ನಲ್ಲಿ (ಯೋಜನೆಗಳ ಕೋಡ್ ಇಟ್ಟು ಹಂಚಿಕೊಳ್ಳುವ ತಾಣಗಳು) ಒಂದು ಖಾತೆ. ವಾರಕ್ಕೆ ಎರಡು ಮೂರು ಗಂಟೆ. ನೇರವಾದ ನಾಲ್ಕು ಸಾಲು ಬರೆಯುವಷ್ಟು ಇಂಗ್ಲಿಷ್. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವರಿಗೆ ಒಂದು ಕಿವಿಮಾತು: ದೊಡ್ಡ ಯೋಜನೆಯನ್ನು ಇಳಿಸಿಕೊಳ್ಳುವಾಗ ಡೇಟಾ ಉಳಿಸಲು ಹಲವರು ಡೆಪ್ತ್ ಆಯ್ಕೆ ಬಳಸಿ ಕೊನೆಯ ಬದಲಾವಣೆಯನ್ನಷ್ಟೇ ತರಿಸಿಕೊಳ್ಳುತ್ತಾರೆ. ಆಗ ಇತಿಹಾಸ ಬರುವುದಿಲ್ಲ, ಮತ್ತು ಎರಡನೆಯ ಹಂತದಲ್ಲಿ ಬೇಕಾಗುವುದು ಆ ಇತಿಹಾಸವೇ. ಗಿಟ್‌ನ ಫಿಲ್ಟರ್ ಆಯ್ಕೆಯಲ್ಲಿ ಬ್ಲಾಬ್ ನನ್ ಎಂದು ಕೊಟ್ಟರೆ ಇತಿಹಾಸ ಪೂರ್ತಿ ಬರುತ್ತದೆ, ಹಳೆಯ ಕಡತಗಳ ಒಳಗಿನ ಮಾಹಿತಿ ಬೇಕೆಂದಾಗ ಮಾತ್ರ ಇಳಿಯುತ್ತದೆ.

1. ತೊಂದರೆ ಯಾರ ಹೊಲದ್ದು ಎಂದು ಮೊದಲು ಪತ್ತೆ ಮಾಡಿ

ಯಾವ ತಂತ್ರಾಂಶವೂ ಒಂಟಿಯಾಗಿ ನಿಂತಿಲ್ಲ. ಪ್ರತಿ ಯೋಜನೆಯೂ ಬೇರೆಯವರು ಬರೆದ ಹತ್ತಾರು ತುಣುಕುಗಳನ್ನು ಬಳಸುತ್ತದೆ. ಅವುಗಳಿಗೆ ಡಿಪೆಂಡೆನ್ಸಿ ಎನ್ನುತ್ತಾರೆ, ಅವಲಂಬನೆ ಎಂದರೂ ಸರಿ. ನೀವು ಅವಲಂಬಿಸಿದ ಯೋಜನೆ ಅಪ್‌ಸ್ಟ್ರೀಮ್, ನಿಮ್ಮನ್ನು ಅವಲಂಬಿಸಿದ್ದು ಡೌನ್‌ಸ್ಟ್ರೀಮ್. ಕೃಷ್ಣೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ನಾದಿಂದ ನೀರು ಬಿಟ್ಟರೆ ಆಲಮಟ್ಟಿಯ ಒಳಹರಿವು ಏರುತ್ತದೆ; ಮೇಲಿನಿಂದ ಬಿಡದಿದ್ದರೆ ಕಾಲುವೆಯ ಕೊನೆಯ ಹೊಲಕ್ಕೆ ಹನಿಯೂ ಮುಟ್ಟುವುದಿಲ್ಲ.

2016ರ ಮಾರ್ಚ್‌ನಲ್ಲಿ ಜಾಲತಾಣಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಲೋಕ ಇದನ್ನು ಕಂಡಿತು. ಲೆಫ್ಟ್ ಪ್ಯಾಡ್ ಎಂಬುದು 11 ಸಾಲಿನ ಪುಟ್ಟ ತುಣುಕು, ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಎನ್‌ಪಿಎಂ ಎಂಬ, ಇಂಥ ತುಣುಕುಗಳನ್ನು ಹಂಚುವ ಭಂಡಾರದವರೊಂದಿಗೆ ಹೆಸರಿನ ವಿಚಾರದಲ್ಲಿ ಮನಸ್ತಾಪವಾಗಿ ಅದರ ಕರ್ತೃ ತನ್ನ ಎಲ್ಲ ತುಣುಕುಗಳನ್ನೂ ಹಿಂತೆಗೆದುಕೊಂಡ. ಬೇಬೆಲ್‌ನಂತಹ ದೊಡ್ಡ ಸಾಧನಗಳು ಆ ಪುಟ್ಟದನ್ನು ನಂಬಿದ್ದವು, ಬೇಬೆಲ್ ನಂಬಿದವರ ಕೆಲಸವೂ ನಿಂತಿತು. ಕೆಲವು ಗಂಟೆಗಳಲ್ಲಿ ಭಂಡಾರದವರೇ ಅದನ್ನು ಮರಳಿ ಹಾಕಿದರು.

ಈಗ ನಮ್ಮದೇ ಉದಾಹರಣೆ ತೆಗೆದುಕೊಳ್ಳೋಣ. ಇಡೀ ಲೇಖನದಲ್ಲಿ ಇದನ್ನೇ ಹಿಡಿದು ಸಾಗುತ್ತೇನೆ. ನೀವು ಬಳಸುವ ಒಂದು ತಂತ್ರಾಂಶದಲ್ಲಿ "ರ‍್ಯಾಂಕ್" ಎಂದು ಬರೆದು ಉಳಿಸಿದರೆ, ಮತ್ತೆ ತೆರೆದಾಗ "ರ್ಯಾಂಕ್" ಎಂದು ಅರ್ಕಾವೊತ್ತಿನೊಂದಿಗೆ ಕಾಣುತ್ತದೆ ಎಂದುಕೊಳ್ಳಿ. ತಪ್ಪು ಯಾರದು? ಹೊಸಬರು ಸಾಮಾನ್ಯವಾಗಿ ಫಾಂಟ್‌ನ ಮೇಲೆ ಎಗರುತ್ತಾರೆ. ಆದರೆ ಕನ್ನಡದ ಒಂದು ಪದ ಪರದೆಗೆ ಬರುವ ಮೊದಲು ಹಲವು ಕೈಗಳನ್ನು ದಾಟುತ್ತದೆ. ಕೀಲಿಮಣೆ ಅಕ್ಷರಗಳ ಸಂಕೇತ ಕೊಡುತ್ತದೆ. ತಂತ್ರಾಂಶ ಅದನ್ನು ಉಳಿಸುತ್ತದೆ. ಹಾರ್ಫ್‌ಬಜ್‌ನಂತಹ ಜೋಡಣಾ ಯಂತ್ರ ಯಾವ ಒತ್ತು ಎಲ್ಲಿ ಕೂರಬೇಕೆಂದು ತೀರ್ಮಾನಿಸುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಎಲ್ಲವೂ ಇದನ್ನೇ ಬಳಸುತ್ತವೆ. ಕೊನೆಗೆ ಫಾಂಟ್ ಆಕಾರ ಕೊಡುತ್ತದೆ. "ರ‍್ಯಾ" ಸರಿಯಾಗಿ ಮೂಡಲು ರಕಾರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇರಬೇಕು. ಅದರ ಹೆಸರು ಜೀರೋ ವಿಡ್ತ್ ಜಾಯ್ನರ್, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪಟ್ಟಿಯಾದ ಯುನಿಕೋಡ್‌ನಲ್ಲಿ ಅದರ ಸಂಖ್ಯೆ 200ಡಿ. ಎಷ್ಟೋ ತಂತ್ರಾಂಶಗಳು ಬರಹವನ್ನು ಉಳಿಸುವ ಮುನ್ನ "ಕಾಣದ ಅಕ್ಷರಗಳೆಲ್ಲ ಕಸ" ಎಂದು ಗುಡಿಸಿ ಹಾಕುತ್ತವೆ. ಜೋಡಕವೂ ಕಸದೊಂದಿಗೆ ಹೋಗುತ್ತದೆ.

ಹಾಗಾಗಿ ಪರೀಕ್ಷಿಸಿ. ಅದೇ ಪದವನ್ನು ಅದೇ ಫಾಂಟ್‌ನಲ್ಲಿ ಬೇರೆ ಸರಳ ಸಂಪಾದಕದಲ್ಲಿ ಬರೆಯಿರಿ. ಅಲ್ಲಿ ಸರಿಯಿದ್ದರೆ ಫಾಂಟ್ ನಿರಪರಾಧಿ. ಉಳಿಸುವ ಮೊದಲು ಸರಿಯಿದ್ದು ನಂತರ ಕೆಟ್ಟರೆ ಕಳ್ಳ ಉಳಿಸುವ ಹಂತದಲ್ಲಿದ್ದಾನೆ. ಈ ಅರ್ಧ ಗಂಟೆಯ ಕೆಲಸ ಮಾಡದೆ ಫಾಂಟ್ ಯೋಜನೆಗೆ ದೂರು ಕೊಟ್ಟರೆ, ತನ್ನದಲ್ಲದ ತಪ್ಪಿಗೆ ಅಲ್ಲೊಬ್ಬರು ಸಂಜೆಯೊಂದನ್ನು ಕಳೆಯುತ್ತಾರೆ.

2. ಆ ಕಡೆ ಯಾರಿದ್ದಾರೆ ಎಂದು ತಿಳಿದುಕೊಳ್ಳಿ

ಯೋಜನೆಯನ್ನು ನೋಡಿಕೊಳ್ಳುವವರು, ಅಂದರೆ ಯಾವ ತಿದ್ದುಪಡಿ ಒಳಗೆ ಬರಬೇಕೆಂದು ನಿರ್ಧರಿಸುವವರು ಮೇಂಟೇನರ್‌ಗಳು, ಕನ್ನಡದಲ್ಲಿ ನಿರ್ವಾಹಕರು. (ನಮ್ಮ ಬಸ್ಸಿನ ನಿರ್ವಾಹಕರಷ್ಟೇ ಒತ್ತಡ ಅವರಿಗೂ ಇರುತ್ತದೆ, ಸಂಬಳ ಮಾತ್ರ ಹಲವರಿಗೆ ಇರುವುದಿಲ್ಲ.) ಇವರಲ್ಲದೆ ತಿದ್ದುಪಡಿ ಓದುವ ಪರಿಶೀಲಕರು, ಬಂದ ದೂರುಗಳನ್ನು ವಿಂಗಡಿಸುವವರು, ಅನುವಾದಕರು, ಹೊಸ ಆವೃತ್ತಿ ಹೊರತರುವವರು ಇರುತ್ತಾರೆ. ಸಣ್ಣ ಯೋಜನೆಗಳಲ್ಲಿ ಈ ಎಲ್ಲವೂ ಒಬ್ಬರೇ.

ಗಿಟ್ ಲಾಗ್ ಆದೇಶದಿಂದ ಯಾರು ಯಾವಾಗ ಏನು ಬದಲಿಸಿದರೆಂದು ನೋಡಿ. ಗಿಟ್ ಬ್ಲೇಮ್ ಪ್ರತಿ ಸಾಲನ್ನೂ ಕೊನೆಯದಾಗಿ ಮುಟ್ಟಿದವರ ಹೆಸರು ಕೊಡುತ್ತದೆ. ಹೆಸರು ಒರಟಾಗಿದ್ದರೂ ಉಪಯೋಗ ಒಳ್ಳೆಯದೇ. ನಿಮ್ಮ ಜೋಡಕ ಅಳಿಸುವ ಸಾಲನ್ನು ಬರೆದವರು ಅದನ್ನು ಏಕೆ ಬರೆದರು ಎಂಬ ವಿವರಣೆ ಅಲ್ಲೇ ಸಿಗಬಹುದು. ಬಹುಶಃ ಯಾರೋ ಕಾಣದ ಅಕ್ಷರಗಳನ್ನು ಬಳಸಿ ಬೇರೆಯವರ ಹೆಸರಿನಂತೆಯೇ ಕಾಣುವ ಖಾತೆ ತೆರೆದಿದ್ದರು, ಅದನ್ನು ತಡೆಯಲು ಬರೆದಿರಬಹುದು. ಅದನ್ನರಿಯದೆ ನೀವು ಸಾಲನ್ನೇ ಕಿತ್ತರೆ ಹಳೆಯ ಬಾಗಿಲು ಮತ್ತೆ ತೆರೆಯುತ್ತದೆ.

ಕಳೆದ ಒಂದು ವರ್ಷದ ಇತಿಹಾಸದಲ್ಲಿ ಒಂದೇ ಹೆಸರು ಕಾಣುತ್ತಿದ್ದರೆ ಎಚ್ಚರ. ಎಷ್ಟು ಜನ ಹಠಾತ್ತನೆ ಇಲ್ಲವಾದರೆ ಯೋಜನೆ ನಿಲ್ಲುತ್ತದೆ ಎಂಬ ಎಣಿಕೆಗೆ ಬಸ್ ಫ್ಯಾಕ್ಟರ್ ಎನ್ನುತ್ತಾರೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಓಪನ್ ಎಸ್‌ಎಸ್‌ಎಲ್‌ನಲ್ಲಿ ಬಯಲಾದಾಗ, ಅಂತರಜಾಲದ ದೊಡ್ಡ ಪಾಲಿನ ಗುಟ್ಟು ಕಾಯುವ ಆ ಯೋಜನೆಗೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ ಎಂಬುದೂ ಬಯಲಾಯಿತು.

3. ಕೆಲಸ ಹಿಡಿಯಿರಿ, ಎಂಜಲು ಮಾಡಿಡಬೇಡಿ

ಯೋಜನೆಗಳಲ್ಲಿ ಬಾಕಿ ಕೆಲಸಗಳನ್ನು ಇಶ್ಯೂ ಎಂದು ದಾಖಲಿಸಿರುತ್ತಾರೆ. "ಇದನ್ನು ನಾನು ಮಾಡುತ್ತೇನೆ" ಎಂದು ಅದರ ಕೆಳಗೆ ಬರೆದರೆ ಉಳಿದವರು ಕೈ ಹಿಂತೆಗೆಯುತ್ತಾರೆ. ನಂತರ ಸೆಮಿಸ್ಟರ್ ಪರೀಕ್ಷೆ ಬರುತ್ತದೆ, ಊರಲ್ಲಿ ಗಣೇಶ ಕೂರುತ್ತಾನೆ, ನೀವು ಮರೆಯುತ್ತೀರಿ. ತಾನೂ ತಿನ್ನದೆ ಇನ್ನೊಬ್ಬರಿಗೂ ಬಿಡದೆ ತುತ್ತನ್ನು ಎಂಜಲು ಮಾಡಿಟ್ಟಂತೆ. ಆ ಲೋಕದವರು ಇದಕ್ಕೆ ಕುಕಿ ಲಿಕಿಂಗ್ ಎಂಬ ಹೆಸರಿಟ್ಟಿದ್ದಾರೆ, ನಮಗೆ ನಮ್ಮ ಪದವೇ ಸಾಕು.

ಹಾಗಾಗಿ ಒಪ್ಪಿಕೊಳ್ಳುವಾಗಲೇ ಗಡುವು ಬರೆಯಿರಿ: "ಹತ್ತು ದಿನದಲ್ಲಿ ಕಳಿಸುತ್ತೇನೆ. ಅಷ್ಟರಲ್ಲಿ ನನ್ನಿಂದ ಸುದ್ದಿ ಇಲ್ಲದಿದ್ದರೆ ಬೇರೆಯವರು ತೆಗೆದುಕೊಳ್ಳಬಹುದು." ಒಮ್ಮೆಗೆ ಒಂದೇ ಕೆಲಸ ಹಿಡಿಯಿರಿ. ರೆಸ್ಯೂಮೆ ಉದ್ದ ಮಾಡಲು ಒಂದೇ ದಿನ ಆರು ಕಡೆ ಹೆಸರು ಹಚ್ಚುವವರನ್ನು ನಿರ್ವಾಹಕರು ಬೇಗ ಗುರುತಿಸುತ್ತಾರೆ.

ಇದಕ್ಕೆ ಸೇರಿದ ಇನ್ನೊಂದು ಗುಂಡಿ ಟೀ ಶರ್ಟಿನದು. ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಇತ್ತು. ಪರಿಚಯದ ಪುಟದಲ್ಲಿ ಒಂದು ವಿಶೇಷಣ ಸೇರಿಸಿ ಕಳಿಸುವವರ ಮಹಾಪೂರ ಬಂದು, ತಿಂಗಳು ಆರಂಭವಾದ ಕೆಲವೇ ದಿನಗಳಲ್ಲಿ ಸಂಘಟಕರು ಒಪ್ಪಿಗೆ ಕೊಟ್ಟ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ನಿಯಮ ತರಬೇಕಾಯಿತು. ಕೃತಕ ಬುದ್ಧಿಮತ್ತೆಯಿಂದ ಬರೆಸಿ, ತಾವೇ ಓದದೆ ಕಳಿಸುವುದು ಇದರ ಹೊಸ ಅವತಾರ. ಯಂತ್ರದ ನೆರವು ಪಡೆಯಿರಿ, ಬೇಡವೆನ್ನುವುದಿಲ್ಲ. ಆದರೆ ಕೆಲವು ಯೋಜನೆಗಳು ಅದನ್ನು ನಿಷೇಧಿಸಿವೆ, ಕೆಲವು ತಿಳಿಸಿ ಕಳಿಸಿ ಎನ್ನುತ್ತವೆ. ನಿಯಮ ಓದಿ. ಮತ್ತು ನೀವು ವಿವರಿಸಲಾಗದ ಒಂದು ಸಾಲನ್ನೂ ಇನ್ನೊಬ್ಬರಿಗೆ ಓದಲು ಕೊಡಬೇಡಿ.

4. ಓದುವವರಿಗೆ ಹಗುರವಾಗುವಂತೆ ಕಳಿಸಿ

ಈ ಹಂತದಲ್ಲಿ ಗೆದ್ದರೆ ಎಂಟು ದಿನದ ಪ್ರಶ್ನೆ ಬಹುಪಾಲು ಕರಗುತ್ತದೆ.

ಒಂದು ಕೋರಿಕೆಯಲ್ಲಿ ಒಂದೇ ವಿಷಯ ಇರಲಿ. ಜೋಡಕವನ್ನು ಉಳಿಸುವ ತಿದ್ದುಪಡಿ ಮೂರು ಸಾಲಿನದು. ಅದನ್ನು ಮಾಡುವಾಗ ನಿಮ್ಮ ಸಂಪಾದಕ ತಾನಾಗಿಯೇ ಇಡೀ ಕಡತದ ಅಂತರಗಳನ್ನು ಸರಿಪಡಿಸಿ ನಾನೂರು ಸಾಲು ಬದಲಿಸಿಬಿಡುತ್ತದೆ. ನಾನೂ ಒಮ್ಮೆ ಹೀಗೆ ಕಳಿಸಿ, "ಇದರಲ್ಲಿ ನಿಮ್ಮ ಕೆಲಸ ಯಾವುದು?" ಎಂಬ ಒಂದೇ ಸಾಲಿನ ಉತ್ತರ ಪಡೆದಿದ್ದೇನೆ. ಕಳಿಸುವ ಮುನ್ನ ಗಿಟ್ ಡಿಫ್ ಆದೇಶದಿಂದ ಬದಲಾದ ಪ್ರತಿ ಸಾಲನ್ನೂ ನೋಡಿ, ನಿಮ್ಮದಲ್ಲದ್ದನ್ನು ಹಿಂತೆಗೆಯಿರಿ.

ಕಮಿಟ್ ಟಿಪ್ಪಣಿ, ಅಂದರೆ ಬದಲಾವಣೆಯ ಜೊತೆ ಶಾಶ್ವತವಾಗಿ ಉಳಿಯುವ ವಿವರಣೆ, "ದೋಷ ಸರಿಪಡಿಸಿದೆ" ಎಂದಷ್ಟೇ ಇದ್ದರೆ ಐದು ವರ್ಷದ ನಂತರ ಅದನ್ನು ಓದುವವರಿಗೆ ಏನೂ ದಕ್ಕುವುದಿಲ್ಲ. ಹೀಗೆ ಬರೆಯಬಹುದು: "ಬರಹ ಉಳಿಸುವಾಗ 200ಡಿ ಜೋಡಕವನ್ನು ಅಳಿಸಬೇಡಿ. ಅಳಿಸುವುದರಿಂದ ಕನ್ನಡದ ರ‍್ಯಾಂಕ್, ರ‍್ಯಾಲಿ ಮೊದಲಾದ ಪದಗಳು ತಪ್ಪಾಗಿ ಕಾಣುತ್ತವೆ. ಖಾತೆಯ ಹೆಸರುಗಳಿಗೆ ಹಳೆಯ ನಿಯಮವನ್ನೇ ಉಳಿಸಿದ್ದೇನೆ. ಪರೀಕ್ಷೆ ಸೇರಿಸಿದ್ದೇನೆ."

ಇಲ್ಲಿ ಒಂದು ಸೂಕ್ಷ್ಮವಿದೆ. ನಿಮ್ಮ ತಿದ್ದುಪಡಿ ಓದುವವರು ಬರ್ಲಿನ್‌ನಲ್ಲೋ ಸಾವೊ ಪಾಲೊದಲ್ಲೋ ಇರಬಹುದು. ಅವರಿಗೆ ಅರ್ಕಾವೊತ್ತು ಗೊತ್ತಿಲ್ಲ, ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೂ ಯಾವುದು ಸರಿ ಎಂದು ಹೇಳಲಾರರು. ಕೋಡ್‌ನ ವಿಷಯದಲ್ಲಿ ನೀವು ಅವರನ್ನು ಅವಲಂಬಿಸಿದ್ದೀರಿ, ಕನ್ನಡದ ವಿಷಯದಲ್ಲಿ ಅವರು ಸಂಪೂರ್ಣ ನಿಮ್ಮನ್ನು ಅವಲಂಬಿಸಿದ್ದಾರೆ. ಆದ್ದರಿಂದ ಅವರಿಗೆ ಪರಿಚಿತವಾದ ಸಾಕ್ಷಿ ಕೊಡಿ. ತಂದೆ, ತಾಯಿ, ಮಗು ಒಟ್ಟಿಗಿರುವ ಕುಟುಂಬದ ಎಮೋಜಿ ಇದೆಯಲ್ಲ, ಅದು ಮೂರು ಬೇರೆ ಬೇರೆ ಎಮೋಜಿಗಳನ್ನು ಇದೇ ಜೋಡಕದಿಂದ ಕಟ್ಟಿದ್ದು. ಜೋಡಕ ಅಳಿಸಿದರೆ ಕುಟುಂಬ ಒಡೆದು ಮೂರು ಮುಖಗಳಾಗುತ್ತದೆ. ಇದನ್ನು ತೋರಿಸಿದರೆ ಕನ್ನಡ ಬಾರದವರಿಗೂ ತಕ್ಷಣ ಅರ್ಥವಾಗುತ್ತದೆ. ಪರೀಕ್ಷೆಯಲ್ಲಿ ಎರಡನ್ನೂ ಸೇರಿಸಿ. ಪರೀಕ್ಷೆ ಎಂದರೆ ಕೋಡ್ ಸರಿಯಾಗಿ ನಡೆಯುತ್ತಿದೆಯೇ ಎಂದು ಪ್ರತಿ ಸಲ ತಾನಾಗಿ ನೋಡುವ ಪುಟ್ಟ ಕೋಡ್. ನಾಳೆ ಬೇರೆ ಯಾರೋ ಆ ಸಾಲನ್ನು ಮತ್ತೆ ಕೆಡಿಸಿದರೆ, ನೀವು ಬಾಗಲಕೋಟೆಯಲ್ಲಿ ನಿದ್ದೆ ಮಾಡುತ್ತಿದ್ದರೂ ಪರೀಕ್ಷೆ ಕೂಗುತ್ತದೆ.

ಲಿನಕ್ಸ್ ಕರ್ನಲ್‌ನಲ್ಲಿ (ಲಿನಕ್ಸ್ ಕಾರ್ಯನಿರ್ವಹಣಾ ವ್ಯವಸ್ಥೆಯ ತಿರುಳಿನಲ್ಲಿ) ಒಂದು ಪದ್ಧತಿಯಿದೆ, ಯಾವ ಯೋಜನೆಗೆ ಹೋಗುವವರೂ ಒಮ್ಮೆ ನೋಡಬೇಕು. ಅಲ್ಲಿನ ಟಿಪ್ಪಣಿಗಳ ಕೆಳಗೆ ಹೆಸರುಗಳ ಸಾಲೇ ಇರುತ್ತದೆ: ವರದಿ ಮಾಡಿದವರು, ಪರೀಕ್ಷಿಸಿದವರು, ಪರಿಶೀಲಿಸಿದವರು, ಸಹಿ ಹಾಕಿ ಮುಂದಕ್ಕೆ ದಾಟಿಸಿದವರು. ಒಂದು ಸಾಲಿನ ಬದಲಾವಣೆಗೂ ನಾಲ್ಕೈದು ಹೆಸರು ಇರುವುದುಂಟು. ನಿಮ್ಮ ದೋಷವನ್ನು ಮೊದಲು ಗಮನಿಸಿದ್ದು ನಿಮ್ಮ ಹಾಸ್ಟೆಲ್‌ನ ಗೆಳತಿಯಾದರೆ ಅವರ ಒಪ್ಪಿಗೆ ಪಡೆದು ವರದಿ ಮಾಡಿದವರೆಂದು ಹೆಸರು ಹಾಕಿ.

5. ಕಾಯಿರಿ, ಆದರೆ ಕೈಕಟ್ಟಿ ಕೂರಬೇಡಿ

ಕನಿಷ್ಠ ಒಂದು ವಾರ ಬಿಡಿ. ಕರ್ನಲ್‌ನ ಮಾರ್ಗಸೂಚಿಯೂ ಜ್ಞಾಪಿಸುವ ಮೊದಲು ಒಂದು ವಾರ ಕಾಯಿರಿ ಎನ್ನುತ್ತದೆ. ಸ್ವಯಂಸೇವಕರ ಸಣ್ಣ ಯೋಜನೆಯಾದರೆ ಎರಡು ವಾರ. ಬೆಳಗಾವಿಯಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ಬೇಸಿಗೆಯ ಬರ್ಲಿನ್‌ನಲ್ಲಿ 6.30, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಿಂದಿನ ರಾತ್ರಿ 9.30. "ಮಧ್ಯಾಹ್ನದೊಳಗೆ ಉತ್ತರ ಬರಲಿಲ್ಲ" ಎಂಬ ದೂರಿಗೆ ಅರ್ಥವಿಲ್ಲ.

ಕಾಯುವ ವಾರದಲ್ಲಿ ಇನ್ನೊಬ್ಬರು ಕಳಿಸಿದ ತಿದ್ದುಪಡಿಯನ್ನು ಇಳಿಸಿಕೊಂಡು ನಿಮ್ಮ ಯಂತ್ರದಲ್ಲಿ ಓಡಿಸಿ ನೋಡಿ. "ಉಬುಂಟುವಿನಲ್ಲಿ ಪರೀಕ್ಷಿಸಿದೆ, ಹೇಳಿದಂತೆ ನಡೆಯುತ್ತಿದೆ, ಖಾಲಿ ಕಡತ ಕೊಟ್ಟಾಗ ಮಾತ್ರ ನಿಲ್ಲುತ್ತದೆ" ಎಂದು ಬರೆಯಿರಿ. ಇದಕ್ಕೆ ಪಾಂಡಿತ್ಯ ಬೇಡ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ: ಇಂದು ನಿಮ್ಮ ಹೊಲದ ಕಳೆಗೆ ನಾನು ಬಂದರೆ ನಾಳೆ ನನ್ನ ಹೊಲದ ರಾಶಿಗೆ ನೀವು. ಇಲ್ಲಿ ವ್ಯತ್ಯಾಸ ಇಷ್ಟೇ, ನೀವು ಯಾರಿಗೆ ಆಳಾಗಿ ಹೋದಿರೋ ಅವರೇ ತಿರುಗಿ ಬರಬೇಕೆಂದಿಲ್ಲ. ನಿರ್ವಾಹಕರ ಹೊರೆಯಲ್ಲಿ ಅರ್ಧ ಗಂಟೆ ಇಳಿಯಿತು, ಆ ಅರ್ಧ ಗಂಟೆ ಯಾರದೋ ಕೋರಿಕೆಗೆ ಸಲ್ಲುತ್ತದೆ. ಹೆಚ್ಚಾಗಿ ನಿಮ್ಮದಕ್ಕೇ, ಏಕೆಂದರೆ ಹೆಸರು ಈಗ ಪರಿಚಿತ.

ವಾರ ಕಳೆದ ಮೇಲೆ ಒಮ್ಮೆ ಜ್ಞಾಪಿಸಿ: "ನಮಸ್ಕಾರ, ಇದನ್ನು ಇತ್ತೀಚಿನ ಆವೃತ್ತಿಗೆ ಹೊಂದಿಸಿದ್ದೇನೆ, ಎಲ್ಲ ಪರೀಕ್ಷೆಗಳೂ ತೇರ್ಗಡೆಯಾಗಿವೆ. ನನ್ನಿಂದ ಇನ್ನೇನಾದರೂ ಬೇಕೇ?" ತಂಡದ ಹತ್ತು ಜನರ ಹೆಸರನ್ನೂ ಟ್ಯಾಗ್ ಮಾಡಬೇಡಿ. ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಖಾಸಗಿ ಸಂದೇಶ ಕಳಿಸುವುದಂತೂ ಖಂಡಿತ ಬೇಡ.

6. ಪರಿಶೀಲಕರ ಉತ್ತರ ಬಂದಾಗ

ನಾವು ಅಪರಿಚಿತರನ್ನು ಬರಿಯ ಹೆಸರಿನಿಂದ ಕರೆಯುವವರಲ್ಲ. ಹಾಗಾಗಿ ನಮ್ಮ ಹುಡುಗರ ಪ್ರತಿ ವಾಕ್ಯದಲ್ಲೂ "ಸರ್" ಇರುತ್ತದೆ. ಅಲ್ಲಿ ಹೆಸರು ಹಿಡಿದು ಕರೆಯುವುದೇ ಮರ್ಯಾದೆ. ಜೊತೆಗೆ, ಆ "ಸರ್" ಕೆಲವು ಸಲ ಮೇಡಂ ಆಗಿರುತ್ತಾರೆ. ಅವರ ಉತ್ತರವೂ ಹಾಗೆಯೇ ನೇರ. "ಇದು ಸರಿಯಲ್ಲ, ಈ ಫಂಕ್ಷನ್ ಬಳಸಿ" ಎಂದರೆ ಬೈದರೆಂದು ಅರ್ಥವಲ್ಲ. ನಮ್ಮ ಕಿವಿಗೆ ಒರಟಾಗಿ ಕೇಳುತ್ತದೆ, ಅಷ್ಟೇ.

ಪ್ರತಿ ಮಾತಿಗೂ ಉತ್ತರಿಸಿ. ಒಪ್ಪಿದರೆ "ಮಾಡಿದೆ", ಒಪ್ಪದಿದ್ದರೆ ಕಾರಣ. ಕನ್ನಡದ ವಿಷಯದಲ್ಲಿ ನೀವು ಸರಿಯೆಂದು ಖಚಿತವಿದ್ದರೆ ಬಿಟ್ಟುಕೊಡಬೇಡಿ. ಹೊಸಬರು ಇಲ್ಲಿ ಎಡವುತ್ತಾರೆ: ಕೋಡ್‌ನಲ್ಲಿ ತಿಳಿಯದ್ದಕ್ಕೂ ವಾದಿಸುತ್ತಾರೆ, ಭಾಷೆಯಲ್ಲಿ ತಿಳಿದದ್ದನ್ನೂ ಬಿಟ್ಟುಕೊಡುತ್ತಾರೆ.

7. ಬೀಗದ ಕೈ ಬೇಗ ಸಿಗದು

ನಾಲ್ಕು ತಿದ್ದುಪಡಿ ಒಪ್ಪಿತವಾದ ಮೇಲೆ "ನನಗೆ ನೇರವಾಗಿ ಸೇರಿಸುವ ಅಧಿಕಾರ ಏಕೆ ಕೊಡುವುದಿಲ್ಲ?" ಎಂದು ಕೇಳುವವರಿದ್ದಾರೆ. 2024ರ ಮಾರ್ಚ್ ಕೊನೆಯಲ್ಲಿ ನಡೆದದ್ದನ್ನು ಅವರು ತಿಳಿಯಬೇಕು. ಎಕ್ಸ್‌ಝಡ್ ಎಂಬುದು ಕಡತ ಕುಗ್ಗಿಸುವ ಹಳೆಯ ಸಾಧನ, ಅದನ್ನು ವರ್ಷಗಳಿಂದ ಸಾಕಿದವರು ಒಬ್ಬ ದಣಿದ ಸ್ವಯಂಸೇವಕ. ಜಿಯಾ ಟಾನ್ ಎಂಬ ಹೆಸರಿನ ಖಾತೆಯೊಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಸಭ್ಯವಾಗಿ ದುಡಿಯಿತು. ಇನ್ನು ಕೆಲವು ಅನಾಮಧೇಯ ಖಾತೆಗಳು "ಕೆಲಸ ನಿಧಾನವಾಯಿತು, ಬೇರೆಯವರಿಗೆ ಬಿಟ್ಟುಕೊಡಿ" ಎಂದು ನಿರ್ವಾಹಕರನ್ನು ಒತ್ತಿದವು. ಅಧಿಕಾರ ಕೈಗೆ ಬಂದ ಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸೇರಿತು. ಅದನ್ನು ಹಿಡಿದವರು ದತ್ತಸಂಚಯ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಯೋಜನೆಯ ಆಂಡ್ರೆಸ್ ಫ್ರಾಯಿಂಡ್. ದೂರದ ಯಂತ್ರಕ್ಕೆ ಪ್ರವೇಶ ಪಡೆಯಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ತಗಲುತ್ತಿದೆ ಏಕೆ ಎಂದು ಬೆನ್ನು ಹತ್ತಿ ಹೋದವರು.

ಹಾಗಾಗಿ ಎಂಟನೆಯ ದಿನ ಸಿಟ್ಟಿನಿಂದ "ನಿರ್ವಹಿಸಲಾಗದಿದ್ದರೆ ಬಿಟ್ಟುಬಿಡಿ" ಎಂದು ಬರೆಯುವ ಮುನ್ನ, ಆ ಧಾಟಿಯ ಮಾತು ಈಗ ಯಾರನ್ನು ನೆನಪಿಸುತ್ತದೆ ಎಂದು ಯೋಚಿಸಿ. ನಿಮ್ಮ ಖಾತೆಗೆ ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ. ಕಾಲೇಜಿನ ಲ್ಯಾಬ್ ಯಂತ್ರದಲ್ಲಿ ಪಾಸ್‌ವರ್ಡ್ ಉಳಿಸಿ ಬರಬೇಡಿ.

8. ಹೋಗುವಾಗ ಹೇಳಿ ಹೋಗಿ

ಕ್ಯಾಂಪಸ್ ಆಯ್ಕೆಯಾಗುತ್ತದೆ, ಬೆಂಗಳೂರಿಗೋ ಪುಣೆಗೋ ರೈಲು ಹತ್ತುತ್ತೀರಿ, ಮೊದಲಿನಷ್ಟು ಸಮಯ ಸಿಗುವುದಿಲ್ಲ. ಇದರಲ್ಲಿ ನಾಚಿಕೆಯೇನೂ ಇಲ್ಲ. 2005ರ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ಅದೇ ಜುಲೈನಲ್ಲಿ ಅದರ ನಿರ್ವಹಣೆಯನ್ನು ಜುನಿಯೊ ಹಮಾನೊ ಅವರಿಗೆ ವಹಿಸಿ ತಮ್ಮ ಕರ್ನಲ್‌ಗೆ ಮರಳಿದರು. ತೊಂದರೆಯಾಗುವುದು ಸದ್ದಿಲ್ಲದೆ ಮಾಯವಾದಾಗ ಮಾತ್ರ.

ಹೊರಡುವ ಹದಿನೈದು ದಿನ ಮೊದಲು ನಿಮ್ಮ ಹೆಸರಿನಲ್ಲಿರುವ ಇಶ್ಯೂಗಳನ್ನು ಬಿಡುಗಡೆ ಮಾಡಿ. ಅರ್ಧ ಮಾಡಿದ ಕೆಲಸವಿದ್ದರೆ ಬ್ರಾಂಚ್‌ನ (ನಿಮ್ಮ ಬದಲಾವಣೆಗಳಿರುವ ಕವಲಿನ) ಕೊಂಡಿ ಹಾಕಿ, ಎಲ್ಲಿಯವರೆಗೆ ಬಂದಿದೆ, ಎಲ್ಲಿ ಸಿಕ್ಕಿಕೊಂಡಿದೆ ಎಂದು ಐದು ಸಾಲು ಬರೆಯಿರಿ. ಕನ್ನಡ ಅನುವಾದದ ಹೊಣೆ ಹೊತ್ತಿದ್ದರೆ ನೀವು ಬಳಸಿದ ಪದಗಳ ಪಟ್ಟಿಯನ್ನು ಯೋಜನೆಯಲ್ಲೇ ಇಡಿ; ಇಲ್ಲದಿದ್ದರೆ ಮುಂದಿನವರು ನಿಮ್ಮ "ಕಡತ"ವನ್ನು "ಫೈಲ್" ಮಾಡುತ್ತಾರೆ, ಅವರ ನಂತರದವರು "ದಸ್ತಾವೇಜು" ಮಾಡುತ್ತಾರೆ, ಒಂದೇ ಪರದೆಯ ಮೇಲೆ ಮೂರೂ ಕಾಣುತ್ತವೆ. ಯಾವುದಾದರೂ ಅಧಿಕಾರ ಸಿಕ್ಕಿದ್ದರೆ ಅದನ್ನು ತೆಗೆಯಲು ನೀವೇ ಕೇಳಿ. ನಿಮ್ಮ ಕೆಳಗಿನ ಸೆಮಿಸ್ಟರ್‌ನಲ್ಲಿ ಆಸಕ್ತಿಯಿರುವ ಒಬ್ಬರನ್ನು ಮೊದಲೇ ಜೊತೆಗೆ ಕೂರಿಸಿಕೊಂಡು, ಬಾಕಿ ಇರುವ ಒಂದು ಸಣ್ಣ ಇಶ್ಯೂವನ್ನು ಅವರ ಕೈಯಿಂದಲೇ ಮುಗಿಸಿ.